ಕೋಳಿಮರಿಗಳಲ್ಲಿ ಗಂಡು–ಹೆಣ್ಣು ಗುರುತಿಸುವ ಕ್ರಮ: ಹಿತ್ತಲ ಕೋಳಿ ಸಾಕಣೆದಾರರಿಗೆ ಮತ್ತು ವಿಸ್ತರಣಾ ಕಾರ್ಯಕರ್ತರಿಗೆ ಮಾಹಿತಿ

ಹಾಸನ ತಾಲ್ಲೂಕಿನ ಬೂವನಹಳ್ಳಿ ಹಾಗೂ ಸುತ್ತಲಿನ ಗ್ರಾಮಗಳಲ್ಲಿ, ಅಂತೆಯೇ ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ಭಾಗಗಳಲ್ಲಿ ರಾಗಿ, ಮುಸುಕಿನಜೋಳ, ಆಲೂಗಡ್ಡೆ ಮತ್ತು ತೆಂಗಿನ ಜೊತೆಗೆ ಮನೆಯ ಹಿತ್ತಲಲ್ಲಿ ಹತ್ತಾರು ಕೋಳಿಗಳನ್ನು ಸಾಕುವುದು ಹಿಂದಿನಿಂದ ಬಂದಿರುವ ರೂಢಿ. ಸಮಗ್ರ ಕೃಷಿ ಪದ್ಧತಿಯಲ್ಲಿ ಕೋಳಿ ಘಟಕವನ್ನು ಅಳವಡಿಸಿಕೊಳ್ಳುವಂತೆ ಸಲಹೆ ನೀಡಿದಾಗಲೆಲ್ಲ ರೈತರಿಂದ, ವಿಶೇಷವಾಗಿ ರೈತ ಮಹಿಳೆಯರಿಂದ, ತಪ್ಪದೆ ಬರುವ ಪ್ರಶ್ನೆ ಒಂದೇ: “ತಂದ ಮರಿಗಳಲ್ಲಿ ಹೇಂಟೆ ಎಷ್ಟು, ಹುಂಜ ಎಷ್ಟು ಎಂದು ಮೊದಲೇ ತಿಳಿಯುವುದು ಹೇಗೆ?” ನಾನು ಬೇಸಾಯಶಾಸ್ತ್ರದ ವಿದ್ಯಾರ್ಥಿ, ಪಶುವೈದ್ಯನಲ್ಲ. ಆದರೆ ಜಮೀನಿನ ಆದಾಯ–ವೆಚ್ಚದ ಲೆಕ್ಕವನ್ನು ಬರೆಯುವಾಗ ಈ ಪ್ರಶ್ನೆಯನ್ನು ಬದಿಗಿಡಲು ಸಾಧ್ಯವಿಲ್ಲವೆಂಬುದು ಅನುಭವದಿಂದ ತಿಳಿದ ಸಂಗತಿ.

ಲೆಕ್ಕವನ್ನೇ ಮೊದಲು ನೋಡೋಣ. ಮೊಟ್ಟೆಯ ಉದ್ದೇಶದಿಂದ 50 ಮರಿಗಳನ್ನು ತಂದರೆ ಸರಾಸರಿ 25 ಹುಂಜಗಳಾಗುತ್ತವೆ. ಮರಿ ಮಾಡಿಸುವ ಉದ್ದೇಶವಿದ್ದಲ್ಲಿ 8–10 ಹೇಂಟೆಗೆ ಒಂದು ಹುಂಜ ಸಾಕು. ಅಂದರೆ ಮೂರು ಹುಂಜಗಳನ್ನು ಉಳಿಸಿಕೊಂಡು 22ನ್ನು ವಿಲೇವಾರಿ ಮಾಡಬೇಕು. ಮೊಟ್ಟೆ ತಳಿಯ ಕೋಳಿಯೊಂದು 20 ವಾರ ತುಂಬುವವರೆಗೆ ಸುಮಾರು 7 ಕಿಲೊ ಆಹಾರ ತಿನ್ನುತ್ತದೆ. ಇದರಲ್ಲಿ ಮೂರನೇ ಎರಡರಷ್ಟು, ಅಂದರೆ ನಾಲ್ಕೂವರೆ ಕಿಲೊಗೂ ಹೆಚ್ಚು, 10ನೇ ವಾರದ ನಂತರ ತಿನ್ನುವಂಥದು. ಹುಂಜಗಳನ್ನು 10ನೇ ವಾರದಲ್ಲಿ ಗುರುತಿಸದೆ 20ನೇ ವಾರದವರೆಗೆ ಹೇಂಟೆಗಳ ಜೊತೆಗೇ ಬಿಟ್ಟರೆ ಈ 22 ಹುಂಜಗಳು ತಿನ್ನುವ ಹೆಚ್ಚುವರಿ ಆಹಾರ ಸುಮಾರು ಒಂದು ಕ್ವಿಂಟಲ್. ಗಿರಿರಾಜದಂತಹ ಭಾರದ ತಳಿಗಳು ಇದಕ್ಕಿಂತಲೂ ಹೆಚ್ಚು ತಿನ್ನುತ್ತವೆ. ಮೇಯಲು ಬಿಟ್ಟ ಕೋಳಿಗಳು ಹುಳು, ಕಾಳು, ಸೊಪ್ಪು ಹೆಕ್ಕಿ ತಮ್ಮ ಆಹಾರದ ಒಂದು ಪಾಲನ್ನು ತಾವೇ ಗಳಿಸಿಕೊಳ್ಳುತ್ತವೆ, ನಿಜ. ನಾಟಿ ಹುಂಜಕ್ಕೆ ಸಂತೆಯಲ್ಲಿ ಒಳ್ಳೆಯ ಬೆಲೆಯೂ ಇದೆ. ಹಾಗಾಗಿ ಹುಂಜ ಹುಟ್ಟಿತೆಂದು ನಷ್ಟವಾಗುವುದಿಲ್ಲ. ಹುಂಜವನ್ನು ಹೇಂಟೆಯೆಂದು ಎಣಿಸಿ ಮೊಟ್ಟೆಯ ಆದಾಯವನ್ನು ನಂಬಿ ಕುಳಿತಾಗ ನಷ್ಟವಾಗುತ್ತದೆ. ಸ್ವಸಹಾಯ ಸಂಘದ ಸಾಲದಿಂದ ಮರಿ ತಂದವರಿಗೆ ಇದು ಕಂತು ಕಟ್ಟುವ ಪ್ರಶ್ನೆ.

ಇಲ್ಲಿ ಇನ್ನೊಂದು ತಪ್ಪು ತಿಳಿವಳಿಕೆಯನ್ನೂ ನಿವಾರಿಸಬೇಕಾಗಿದೆ. ಹೇಂಟೆ ಮೊಟ್ಟೆ ಇಡಲು ಹುಂಜ ಬೇಕಿಲ್ಲ. ಕಾವಿಗೆ ಇಟ್ಟು ಮರಿ ಮಾಡಿಸುವುದಕ್ಕೆ ಮಾತ್ರ ಹುಂಜ ಅಗತ್ಯ. ತಿನ್ನುವ ಮೊಟ್ಟೆಗಾಗಿಯೇ ಸಾಕುವವರು ಎಲ್ಲ ಹುಂಜಗಳನ್ನೂ ಮಾರಿದರೂ ಮೊಟ್ಟೆಯ ಸಂಖ್ಯೆ ಒಂದೂ ಕಡಿಮೆಯಾಗುವುದಿಲ್ಲ.

ಲಿಂಗ ನಿರ್ಧಾರವಾಗುವ ಬಗೆ

ಮನುಷ್ಯರಲ್ಲಿ ಮಗುವಿನ ಲಿಂಗವನ್ನು ನಿರ್ಧರಿಸುವುದು ತಂದೆಯ ವರ್ಣತಂತು. ಕೋಳಿಗಳಲ್ಲಿ ಇದು ತಿರುಗುಮುರುಗು. ಹುಂಜದಲ್ಲಿ ಒಂದೇ ಬಗೆಯ ಎರಡು ಲಿಂಗ ವರ್ಣತಂತುಗಳಿರುತ್ತವೆ. ಇವುಗಳನ್ನು ‘ಝಡ್’ ಎಂದು ಕರೆಯುತ್ತಾರೆ. ಹೇಂಟೆಯಲ್ಲಿ ಒಂದು ‘ಝಡ್’, ಒಂದು ‘ಡಬ್ಲ್ಯು’ ಇರುತ್ತದೆ. ತಾಯಿಯಿಂದ ‘ಝಡ್’ ಬಂದರೆ ಹುಂಜ, ‘ಡಬ್ಲ್ಯು’ ಬಂದರೆ ಹೇಂಟೆ. ಅಂಡವು ಅಂಡಾಶಯದಿಂದ ಹೊರಬೀಳುವ ಹೊತ್ತಿಗೇ, ಅದರ ಸುತ್ತ ಬಿಳಿಭಾಗವೂ ಚಿಪ್ಪೂ ಕೂಡಿಕೊಳ್ಳುವ ಮೊದಲೇ, ಇದು ತೀರ್ಮಾನವಾಗಿರುತ್ತದೆ. ಆದ್ದರಿಂದ ‘ಈ ಹುಂಜಕ್ಕೆ ಬರೀ ಗಂಡುಮರಿಗಳೇ ಹುಟ್ಟುತ್ತವೆ’ ಎಂದು ಹುಂಜವನ್ನು ಬದಲಾಯಿಸುವುದರಿಂದ ಪ್ರಯೋಜನವಿಲ್ಲ. ಮೊಸಳೆ ಮತ್ತು ಕಡಲಾಮೆಗಳಲ್ಲಿ ಮೊಟ್ಟೆಗೆ ತಗಲುವ ಶಾಖವೇ ಮರಿಯ ಲಿಂಗವನ್ನು ನಿರ್ಧರಿಸುತ್ತದೆ; ಕೋಳಿಯಲ್ಲಿ ಕಾವಿನ ಶಾಖವನ್ನು ಹೆಚ್ಚು ಕಡಿಮೆ ಮಾಡಿ ಹೇಂಟೆಗಳನ್ನು ಪಡೆಯಲಾಗದು, ಮರಿಗಳು ಸಾಯುತ್ತವೆ ಅಷ್ಟೆ.

ಗಂಡು–ಹೆಣ್ಣಿನ ಪ್ರಮಾಣ ಅರ್ಧಕ್ಕರ್ಧ ಎಂದರೆ ಪ್ರತಿ ಕಾವಿನಲ್ಲೂ ಸರಿಯಾಗಿ ಅರ್ಧ ಎಂದು ಅರ್ಥವಲ್ಲ. ಆರು ಮರಿ ತಂದವರಲ್ಲಿ ಐದು ಅಥವಾ ಆರೂ ಹುಂಜವಾಗುವ ಸಂಭವ 64ಕ್ಕೆ 7. ಅಂದರೆ ಒಂಬತ್ತು ಮನೆಗಳಲ್ಲಿ ಒಂದು ಮನೆಗೆ ಹೀಗಾಗುತ್ತದೆ, ಇದರಲ್ಲಿ ಯಾರ ಮೋಸವೂ ಇಲ್ಲ. ಆದರೆ 50 ಮರಿಗಳ ತಂಡದಲ್ಲಿ ಹುಂಜಗಳ ಸಂಖ್ಯೆ ಸಾಮಾನ್ಯವಾಗಿ 18ರಿಂದ 32ರೊಳಗೆ ಇರುತ್ತದೆ. 50ರಲ್ಲಿ 45 ಹುಂಜವಾದರೆ ಅದನ್ನು ಅದೃಷ್ಟದ ಮೇಲೆ ಹೊರಿಸಲಾಗದು. ಆ ಮರಿಗಳನ್ನು ಯಾರೋ ಮೊದಲೇ ಆರಿಸಿ, ಹೇಂಟೆಗಳನ್ನು ತೆಗೆದುಕೊಂಡು ಉಳಿದುದನ್ನು ಮಾರಿದ್ದಾರೆಂದೇ ತಿಳಿಯಬೇಕು. ವಿಸ್ತರಣಾ ಕಾರ್ಯಕರ್ತರು ದೂರುಗಳನ್ನು ಪರಿಶೀಲಿಸುವಾಗ ಈ ಎರಡು ಸಂದರ್ಭಗಳ ವ್ಯತ್ಯಾಸವನ್ನು ನೆನಪಿಡುವುದು ಒಳ್ಳೆಯದು.

ಜನಜನಿತ ವಿಧಾನಗಳು

ಮೊನಚಾದ ಮೊಟ್ಟೆಯಿಂದ ಹುಂಜ, ಗುಂಡನೆಯ ಮೊಟ್ಟೆಯಿಂದ ಹೇಂಟೆ ಎಂಬ ನಂಬಿಕೆ ಬಹಳ ಹಳೆಯದು, ನಮ್ಮ ನಾಡಿಗೆ ಮಾತ್ರ ಸೀಮಿತವೂ ಅಲ್ಲ. ಗ್ರೀಕ್ ತತ್ತ್ವಜ್ಞಾನಿ ಅರಿಸ್ಟಾಟಲನ ಪ್ರಾಣಿಶಾಸ್ತ್ರದ ಗ್ರಂಥದಲ್ಲಿ ಉದ್ದನೆಯ, ಮೊನಚಾದ ಮೊಟ್ಟೆಯಿಂದ ಹೆಣ್ಣು ಎಂದಿದೆ; ರೋಮನ್ ಕೃಷಿ ಲೇಖಕ ಕೊಲುಮೆಲ್ಲ ಅಂಥ ಮೊಟ್ಟೆಯಿಂದ ಗಂಡು ಎನ್ನುತ್ತಾನೆ. ಇಬ್ಬರು ಹಿರಿಯರು ಒಂದೇ ಮೊಟ್ಟೆಯನ್ನು ನೋಡಿ ವಿರುದ್ಧವಾಗಿ ಹೇಳಿರುವುದೇ ಸಾಕಷ್ಟು ಎಚ್ಚರಿಕೆ. ಈ ನಂಬಿಕೆಯನ್ನು ನಿಮ್ಮ ಹಿತ್ತಲಲ್ಲೇ ಪರೀಕ್ಷಿಸಬಹುದು. ಒಂದು ಹೇಂಟೆ ಇಡುವ ಮೊಟ್ಟೆಗಳ ಆಕಾರ ಹೆಚ್ಚುಕಡಿಮೆ ಒಂದೇ ರೀತಿ ಇರುತ್ತದೆ. ಮೊನಚು ಮೊಟ್ಟೆ ಇಡುವ ಹೇಂಟೆ ಮೊನಚು ಮೊಟ್ಟೆಗಳನ್ನೇ ಇಡುತ್ತದೆ. ನಂಬಿಕೆ ನಿಜವಾಗಿದ್ದರೆ ಅಂತಹ ಹೇಂಟೆಯ ಸಂತತಿಯೆಲ್ಲ ಹುಂಜವೇ ಆಗಬೇಕಿತ್ತು. ಹಾಗಾಗುವುದಿಲ್ಲ. ಆಕಾರವನ್ನು ರೂಪಿಸುವುದು ಅಂಡನಾಳ. ಒಳಗಿನ ಮರಿಯ ಲಿಂಗಕ್ಕೂ ಅದಕ್ಕೂ ಸಂಬಂಧವಿಲ್ಲ. ಕಾವಿಗೆ ಮೊಟ್ಟೆ ಆರಿಸುವಾಗ ತೀರ ಮೊನಚು, ತೀರ ಗುಂಡು, ತೀರ ಚಿಕ್ಕದು, ಬಿರುಕುಳ್ಳದ್ದು ಇವುಗಳನ್ನು ಬಿಡಿ ಎಂದು ನಾವು ಹೇಳುವುದು ಮರಿಯಾಗುವ ಪ್ರಮಾಣ ಚೆನ್ನಾಗಿರಲಿ ಎಂಬ ಕಾರಣಕ್ಕೆ ಮಾತ್ರ.

ಮೊಟ್ಟೆಯ ಮೇಲೆ ದಾರಕ್ಕೆ ಕಟ್ಟಿದ ಉಂಗುರವನ್ನು ತೂಗಿಬಿಡುವುದು, ಮರಿಯ ಕತ್ತಿನ ಚರ್ಮ ಹಿಡಿದು ಎತ್ತಿದಾಗ ಕಾಲು ಮಡಿಸಿದರೆ ಹೇಂಟೆ ಇಳಿಬಿಟ್ಟರೆ ಹುಂಜ ಎನ್ನುವುದು, ಅಂಗಾತ ಮಲಗಿಸಿದಾಗ ಒದ್ದಾಡುವ ರೀತಿ ನೋಡುವುದು — ಇವೆಲ್ಲ ಊಹೆಗಳು. ಊಹೆಯೂ ಅರ್ಧದಷ್ಟು ಬಾರಿ ಸರಿಯಾಗುತ್ತದೆ ಎಂಬುದರಲ್ಲೇ ಇವುಗಳ ಬಲವಿದೆ. ಹತ್ತು ಮರಿಗಳ ಬಗ್ಗೆ ಕಣ್ಣು ಮುಚ್ಚಿ ಹೇಳಿದರೂ ಏಳು ಅಥವಾ ಹೆಚ್ಚು ಸರಿಯಾಗುವ ಸಂಭವ ಸುಮಾರು ಆರಕ್ಕೆ ಒಂದು. ಊರಿನಲ್ಲಿ ಆರು ಜನ ಪರೀಕ್ಷಿಸಿದರೆ ಒಬ್ಬರಿಗಾದರೂ ‘ಹತ್ತಕ್ಕೆ ಏಳು ಸರಿಯಾಯಿತು’ ಎನ್ನುವ ಅನುಭವವಾಗಬಹುದು, ಮತ್ತು ಊರು ಮಾತನಾಡುವುದು ಆ ಒಬ್ಬರ ಬಗ್ಗೆ. ನಿಮ್ಮಲ್ಲಿ ಯಾರಿಗಾದರೂ ತಮ್ಮ ವಿಧಾನದಲ್ಲಿ ಭರವಸೆಯಿದ್ದರೆ ಮರಿಗಳ ಕಾಲಿಗೆ ಬಣ್ಣದ ದಾರ ಕಟ್ಟಿ, ಮೊದಲ ದಿನವೇ ಪುಸ್ತಕದಲ್ಲಿ ಬರೆದಿಟ್ಟು, 12ನೇ ವಾರದಲ್ಲಿ ತಾಳೆ ನೋಡಿ. ಕನಿಷ್ಠ 40–50 ಮರಿಗಳಲ್ಲಿ ನೋಡಿ. ಕಾಲು ದಪ್ಪವಾದಂತೆ ವಾರಕ್ಕೊಮ್ಮೆ ದಾರವನ್ನು ಸಡಿಲಿಸಲು ಮರೆಯಬಾರದು, ಇಲ್ಲವಾದರೆ ಮಾಂಸಕ್ಕೆ ಕೊರೆದು ಕುಂಟಾಗುತ್ತದೆ.

ಹ್ಯಾಚರಿಗಳಲ್ಲಿ ಗುರುತಿಸುವ ವಿಧಾನಗಳು

ಒಂದು ದಿನದ ಮರಿಯಲ್ಲಿ ಲಿಂಗವನ್ನು ಖಚಿತವಾಗಿ ಹೇಳುವ ಮಾರ್ಗಗಳು ಇವೆ. ಆದರೆ ಅವು ಯಾರಿಗೆ, ಯಾವ ತಳಿಯಲ್ಲಿ ಸಾಧ್ಯ ಎಂಬುದನ್ನು ತಿಳಿದಿರಬೇಕು.

ಮೊದಲನೆಯದು ಗುದದ್ವಾರ ಪರೀಕ್ಷೆ. ಜಪಾನಿನ ಮಸುಯಿ, ಹಶಿಮೊಟೊ ಮತ್ತು ಅವರ ಸಹೋದ್ಯೋಗಿಗಳು 1920ರ ದಶಕದಲ್ಲಿ ಇದನ್ನು ರೂಪಿಸಿದರು. 1933ರಲ್ಲಿ ಇದರ ಕುರಿತ ಪುಸ್ತಕ ಇಂಗ್ಲಿಷಿನಲ್ಲಿ ಬಂದ ನಂತರ ವಿಧಾನ ಜಗತ್ತಿನಾದ್ಯಂತ ಹರಡಿತು. ಮರಿಯ ಗುದದ್ವಾರವನ್ನು ಬೆರಳಿನಿಂದ ಹಗುರವಾಗಿ ಅಗಲಿಸಿದಾಗ ಒಳಅಂಚಿನಲ್ಲಿ ಗಂಡುಮರಿಗಳಿಗೆ ಸಾಸಿವೆ ಕಾಳಿಗಿಂತಲೂ ಚಿಕ್ಕದಾದ ಒಂದು ಗುಬ್ಬು ಕಾಣುತ್ತದೆ. ಇಷ್ಟೇ ಆಗಿದ್ದರೆ ಸುಲಭವಿತ್ತು. ಹಲವು ಹೆಣ್ಣುಮರಿಗಳಲ್ಲೂ ಸಣ್ಣ ಗುಬ್ಬು ಉಳಿದಿರುತ್ತದೆ, ಕೆಲವು ಗಂಡುಮರಿಗಳಲ್ಲಿ ಚಪ್ಪಟೆಯಾಗಿರುತ್ತದೆ; ಅದರ ಹೊಳಪು, ಗಡಸು, ಆಕಾರಗಳನ್ನು ಕ್ಷಣಮಾತ್ರದಲ್ಲಿ ಓದಲು ತಿಂಗಳುಗಟ್ಟಲೆ ತರಬೇತಿ ಬೇಕು. ನುರಿತವರು ಗಂಟೆಗೆ ಸಾವಿರದಷ್ಟು ಮರಿಗಳನ್ನು ನೂರಕ್ಕೆ 98ರಷ್ಟು ನಿಖರವಾಗಿ ವಿಂಗಡಿಸುತ್ತಾರೆ. ಮರಿ ಒಡೆದು ಒಂದೂವರೆ ದಿನದೊಳಗೆ ಇದು ಮುಗಿಯಬೇಕು. ಮನೆಯಲ್ಲಿ ಇದನ್ನು ಪ್ರಯತ್ನಿಸಬೇಡಿ ಎಂದು ಸ್ಪಷ್ಟವಾಗಿ ಹೇಳಬಯಸುತ್ತೇನೆ. ಆ ವಯಸ್ಸಿನ ಮರಿಯ ಹೊಟ್ಟೆಯೊಳಗೆ ಹಳದಿ ಭಂಡಾರದ ಚೀಲ ಇನ್ನೂ ಕರಗಿರುವುದಿಲ್ಲ. ಅನನುಭವಿಯ ಬೆರಳು ಒತ್ತಿದರೆ ಅದು ಒಡೆಯುತ್ತದೆ, ಒಂದು ಮರಿಯ ಸೋಂಕು ಅದೇ ಬೆರಳಿನಿಂದ ಮಿಕ್ಕವಕ್ಕೆ ದಾಟುತ್ತದೆ. ವಿಡಿಯೊ ನೋಡಿ ಕಲಿತೆವೆಂದು ಹೇಳುವವರು ಈಗ ಹೆಚ್ಚಾಗಿದ್ದಾರೆ. ಅವರ ಕೈಗೆ ನಿಮ್ಮ ಮರಿಗಳನ್ನು ಕೊಡಬೇಡಿ.

ಎರಡನೆಯದು ರೆಕ್ಕೆಯ ಗರಿ ನೋಡುವುದು. ಒಂದು ದಿನದ ಮರಿಯ ರೆಕ್ಕೆಯನ್ನು ಬೀಸಣಿಗೆಯಂತೆ ಬಿಡಿಸಿದರೆ ಅಂಚಿನಲ್ಲಿ ಎರಡು ಸಾಲು ಮೊಳಕೆಗರಿಗಳು ಕಾಣುತ್ತವೆ: ಹಾರುವ ಗರಿಗಳ ಸಾಲು, ಅದರ ಬುಡವನ್ನು ಮುಚ್ಚುವ ಗರಿಗಳ ಸಾಲು. ಹಾರುವ ಗರಿಗಳು ಸ್ಪಷ್ಟವಾಗಿ ಉದ್ದವಿದ್ದರೆ ಹೇಂಟೆ. ಎರಡೂ ಸಮನಾಗಿದ್ದರೆ ಅಥವಾ ಮುಚ್ಚುವ ಗರಿಗಳೇ ಉದ್ದವಿದ್ದರೆ ಹುಂಜ. ಇದು ಸುಲಭ, ಮರಿಗೆ ಅಪಾಯವಿಲ್ಲ, ಒಂದೆರಡು ದಿನಗಳೊಳಗೆ ನೋಡಿದರೆ ಬಹುತೇಕ ಖಚಿತ. ಆದರೆ ಒಂದು ಷರತ್ತಿದೆ. ನಿಧಾನವಾಗಿ ಗರಿ ಬಿಡುವ ಗುಣವು ‘ಝಡ್’ ವರ್ಣತಂತುವಿನಲ್ಲಿದೆ. ತಾಯಿಗೆ ನಿಧಾನ ಗರಿಯ ಗುಣ, ತಂದೆಗೆ ಬೇಗ ಗರಿ ಬಿಡುವ ಗುಣ ಇರುವಂತೆ ಬೇಕೆಂದೇ ಜೋಡಿಸಿದ ತಳಿಗಳಲ್ಲಿ ಮಾತ್ರ ತಾಯಿಯ ಗುಣ ಗಂಡುಮಕ್ಕಳಿಗೂ ತಂದೆಯ ಗುಣ ಹೆಣ್ಣುಮಕ್ಕಳಿಗೂ ಹೋಗಿ ವ್ಯತ್ಯಾಸ ಕಾಣುತ್ತದೆ. ನಮ್ಮ ನಾಟಿ ಕೋಳಿಗಳಲ್ಲಿ ಈ ಗುಣಗಳು ಮಿಶ್ರವಾಗಿರುವುದರಿಂದ ರೆಕ್ಕೆ ನೋಡಿ ಹೇಳಿದ್ದು ಊಹೆಗಿಂತ ಮೇಲಾಗದು. ಶುದ್ಧ ವೈಟ್ ಲೆಗಾರ್ನ್ ಮೂಲತಃ ಬೇಗ ಗರಿ ಬಿಡುವ ತಳಿ. ಅದರ ಗಂಡುಮರಿಗೂ ಹೆಣ್ಣುಮರಿಗೂ ಹಾರುವ ಗರಿ ಉದ್ದವೇ. ಇಂತಹ ಗಂಡುಮರಿಯ ರೆಕ್ಕೆ ಬಿಡಿಸಿ ತೋರಿಸಿ ‘ನೋಡಿ, ಹೇಂಟೆ’ ಎಂದು ಮಾರುವುದಕ್ಕೆ ಅವಕಾಶವಿದೆ ಎಂಬುದನ್ನು ಗಮನಿಸಿ.

ಮೂರನೆಯದು ಮರಿಯ ಬಣ್ಣ. ಮೊದಲ ಮಹಾಯುದ್ಧದ ಆಹಾರ ಅಭಾವದ ಕಾಲದಲ್ಲಿ ಇಂಗ್ಲೆಂಡಿನ ತಳಿವಿಜ್ಞಾನಿ ಪನ್ನೆಟ್ ಅವರು, ಬೇಡದ ಗಂಡುಮರಿಗಳಿಗೆ ಕಾಳು ವ್ಯರ್ಥವಾಗದಿರಲೆಂದು ಹುಟ್ಟಿದ ದಿನವೇ ಬಣ್ಣದಿಂದ ಗುರುತಿಸುವ ಸಂಕರಣವನ್ನು ಸೂಚಿಸಿದರು. ಕಂದು ಮೊಟ್ಟೆ ಇಡುವ ಹಲವು ವಾಣಿಜ್ಯ ತಳಿಗಳಲ್ಲಿ ಇಂದಿಗೂ ಹೆಣ್ಣುಮರಿ ಕೆಂಗಂದು, ಗಂಡುಮರಿ ತೆಳು ಹಳದಿ–ಬಿಳಿ ಬಣ್ಣದ್ದಾಗಿರುವುದು ಈ ತತ್ತ್ವದಿಂದಲೇ.

ಇದೇ ತತ್ತ್ವದ ಒಂದು ರೂಪವನ್ನು ಮನೆಯಲ್ಲೂ ಬಳಸಬಹುದೆಂಬುದು ಹೆಚ್ಚಿನವರಿಗೆ ತಿಳಿದಿಲ್ಲ. ಮೈತುಂಬ ಕಪ್ಪು–ಬಿಳಿ ಅಡ್ಡಪಟ್ಟೆಗಳಿರುವ ಹೇಂಟೆ ನಿಮ್ಮಲ್ಲಿದ್ದು, ಅದಕ್ಕೆ ಪಟ್ಟೆಗಳಿಲ್ಲದ ಕೆಂಪು ಅಥವಾ ಕಪ್ಪು ಹುಂಜ ಕೂಡಿದ್ದರೆ, ಆ ಹೇಂಟೆಯ ಮೊಟ್ಟೆಯಿಂದ ಬಂದ ಕಡುಬಣ್ಣದ ಮರಿಗಳಲ್ಲಿ ನೆತ್ತಿಯ ಮೇಲೆ ಬಿಳಿ ಮಚ್ಚೆ ಇರುವುದು ಹುಂಜ, ಇಲ್ಲದಿರುವುದು ಹೇಂಟೆ. ಪಟ್ಟೆಯ ಗುಣ ತಾಯಿಯಿಂದ ಗಂಡುಮಕ್ಕಳಿಗೆ ಮಾತ್ರ ಹೋಗುವುದೇ ಇದಕ್ಕೆ ಕಾರಣ. ಹುಂಜವೂ ಪಟ್ಟೆಯದಾಗಿದ್ದರೆ ಅಥವಾ ಬಿಳಿಯದಾಗಿದ್ದರೆ ಇದು ನಡೆಯದು. ಮೊಟ್ಟೆಗಳು ಆ ಹೇಂಟೆಯವೇ ಎಂದು ಖಾತರಿಯಿರಬೇಕು. ಹತ್ತು ಹೇಂಟೆಗಳು ಒಂದೇ ಬುಟ್ಟಿಯಲ್ಲಿ ಇಡುವ ಮನೆಯಲ್ಲಿ ಆ ಮೊಟ್ಟೆಗಳಿಗೆ ಪೆನ್ಸಿಲ್ಲಿನಿಂದ ಗುರುತು ಹಾಕಿ ಬೇರೆ ತಾಯಿಯ ಕೆಳಗೆ ಕಾವು ಕೂರಿಸಿ.

ಮರಿ ಒಡೆಯುವ ಮೊದಲೇ ಮೊಟ್ಟೆಯೊಳಗೆ ಲಿಂಗ ಪತ್ತೆ ಮಾಡುವ ಯಂತ್ರಗಳೂ ಬಂದಿವೆ. ಜರ್ಮನಿಯಲ್ಲಿ 2022ರ ಜನವರಿ 1ರಿಂದ ಮೊಟ್ಟೆ ತಳಿಯ ಗಂಡುಮರಿಗಳನ್ನು ಹುಟ್ಟಿದ ದಿನವೇ ಕೊಲ್ಲುವುದನ್ನು ನಿಷೇಧಿಸಿದ ಮೇಲೆ ಅಲ್ಲಿ ಇವುಗಳ ಬಳಕೆ ಹೆಚ್ಚಿತು. ಹಿತ್ತಲ ಸಾಕಣೆಗೆ ಸದ್ಯಕ್ಕೆ ಇವು ಸಂಬಂಧಿಸಿದ್ದಲ್ಲ.

ಮನೆಯಲ್ಲಿ ಗುರುತಿಸುವ ಕ್ರಮ

ನಾಟಿ ಕೋಳಿ ಹಾಗೂ ಗಿರಿರಾಜ, ಸ್ವರ್ಣಧಾರದಂತಹ ಸುಧಾರಿತ ತಳಿಗಳಲ್ಲಿ ರೈತರು ನೆಚ್ಚಬೇಕಾದುದು ಬೆಳವಣಿಗೆಯ ಲಕ್ಷಣಗಳನ್ನೇ. ಈ ಎರಡು ಸುಧಾರಿತ ತಳಿಗಳು ಬೆಂಗಳೂರಿನ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ರೂಪುಗೊಂಡವು. ಇವುಗಳ ಮರಿಗಳನ್ನು ಸಾಮಾನ್ಯವಾಗಿ ಗಂಡು–ಹೆಣ್ಣು ವಿಂಗಡಿಸದೆಯೇ ನೀಡಲಾಗುತ್ತದೆ. ಮರಿಗಳು ಹಲವು ಬಣ್ಣದವಾದ್ದರಿಂದ ಹುಟ್ಟುಬಣ್ಣದಿಂದ ಲಿಂಗ ಹೇಳಲು ಬರುವುದಿಲ್ಲ.

ಮೊದಲ ಮೂರು ವಾರ ಏನನ್ನೂ ತೀರ್ಮಾನಿಸಬೇಡಿ. ಈ ಅವಧಿಯಲ್ಲಿ ನಿಮ್ಮ ಗಮನವೆಲ್ಲ ಕಾವಿನ ದೀಪ, ನೀರು, ಲಸಿಕೆಗಳ ಮೇಲಿರಲಿ. ಭಾರದ ತಳಿಗಳಲ್ಲಿ ಹೆಣ್ಣುಮರಿಗಳ ಬೆನ್ನು ಮತ್ತು ಬಾಲದಲ್ಲಿ ಗರಿ ಬೇಗ ತುಂಬಿ, ಗಂಡುಮರಿಗಳ ಬೆನ್ನು ಇನ್ನೂ ಬೋಳಾಗಿರುವುದು ಕಾಣಬಹುದು. ಇದನ್ನು ಸುಳಿವೆಂದು ಇಟ್ಟುಕೊಳ್ಳಿ, ಸಾಕ್ಷಿಯೆಂದಲ್ಲ.

ನಾಲ್ಕರಿಂದ ಏಳನೇ ವಾರದಲ್ಲಿ ತಲೆಯ ಜುಟ್ಟು ಮಾತನಾಡತೊಡಗುತ್ತದೆ. ಹುಂಜದ ಜುಟ್ಟು ಎತ್ತರವಾಗಿ, ಬುಡ ದಪ್ಪವಾಗಿ, ಗುಲಾಬಿಯಿಂದ ಕೆಂಪಿಗೆ ತಿರುಗುತ್ತದೆ. ಗಲ್ಲದ ಕೆಳಗೆ ಜೋತುಬೀಳುವ ಕೆಂಪು ಚರ್ಮವೂ ಕಾಣಿಸಿಕೊಳ್ಳುತ್ತದೆ. ಹೇಂಟೆಯ ಜುಟ್ಟು ಚಿಕ್ಕದಾಗಿ, ಮಾಸಲು ಹಳದಿ–ಗುಲಾಬಿ ಬಣ್ಣದಲ್ಲೇ ಉಳಿದು, ಮೊಟ್ಟೆಗೆ ಬರುವ ಹೊತ್ತಿಗಷ್ಟೇ ಕೆಂಪಾಗುತ್ತದೆ. ಹುಂಜದ ಕಾಲು ದಪ್ಪ, ನಿಲುವು ನೆಟ್ಟಗೆ. ಆದರೆ ಹೋಲಿಕೆಯನ್ನು ಒಂದೇ ದಿನ ಒಡೆದ, ಒಂದೇ ತಳಿಯ ಮರಿಗಳ ನಡುವೆ ಮಾತ್ರ ಮಾಡಬೇಕು. ಎರಡು ವಾರ ಹಿರಿಯದಾದ ಹೇಂಟೆಯನ್ನು ಕಿರಿಯ ಹುಂಜದ ಪಕ್ಕದಲ್ಲಿಟ್ಟು ನೋಡಿದರೆ ತೀರ್ಮಾನ ತಲೆಕೆಳಗಾಗುತ್ತದೆ. ಅಸೀಲ್ ರಕ್ತವಿರುವ ಕೋಳಿಗಳಲ್ಲಿ ಜುಟ್ಟು ಹುಟ್ಟಿನಿಂದಲೇ ಅವರೆಕಾಳಿನಂತೆ ಗಿಡ್ಡ, ಹುಂಜದಲ್ಲೂ ದೊಡ್ಡದಾಗದು. ಕಡಕ್‌ನಾಥ್ ತಳಿಯಲ್ಲಿ ಜುಟ್ಟೂ ಕಪ್ಪು–ನೇರಳೆ. ಅಲ್ಲಿ ಬಣ್ಣವನ್ನು ಬಿಟ್ಟು ಗಾತ್ರವನ್ನು ಮಾತ್ರ ನೋಡಬೇಕು.

ಆರರಿಂದ ಒಂಬತ್ತನೇ ವಾರದ ಹೊತ್ತಿಗೆ ಕೆಂಪು–ಕಪ್ಪು ಮಿಶ್ರ ಬಣ್ಣದ ಮರಿಗಳಲ್ಲಿ ಹುಂಜದ ಹೆಗಲ ಮೇಲೆ ಕಡುಗೆಂಪು ಅಥವಾ ಹೊನ್ನಿನ ಬಣ್ಣದ ಗರಿಗಳು ಅಲ್ಲಲ್ಲಿ ತೇಪೆ ಹಾಕಿದಂತೆ ಮೂಡುತ್ತವೆ. ಹೇಂಟೆಯ ಮೈ ಒಂದೇ ಹದದ ಕಂದು ಚುಕ್ಕಿಗಳಿಂದ ಕೂಡಿರುತ್ತದೆ. ಅಪ್ಪಟ ಕಪ್ಪು, ಅಪ್ಪಟ ಬಿಳಿ ಕೋಳಿಗಳಲ್ಲಿ ಈ ಲಕ್ಷಣ ದೊರಕದು.

ಎಲ್ಲಕ್ಕಿಂತ ನಂಬಿಕೆಗೆ ಅರ್ಹವಾದುದು ಗರಿಯ ತುದಿ. 10ರಿಂದ 12ನೇ ವಾರದ ನಂತರ ಹುಂಜದ ಕತ್ತಿನ ಗರಿಗಳು ಕಿರಿದಾಗಿ, ಹೊಳೆಯುತ್ತ, ತುದಿ ಈಟಿಯಂತೆ ಚೂಪಾಗುತ್ತವೆ. ಅದಕ್ಕೂ ಮಿಗಿಲಾಗಿ ಬೆನ್ನಿನ ಹಿಂಭಾಗದಲ್ಲಿ, ಬಾಲ ಆರಂಭವಾಗುವ ಮುನ್ನ ಎರಡೂ ಪಕ್ಕೆಗಳತ್ತ ಇಳಿಬೀಳುವ ಉದ್ದನೆಯ ಚೂಪುಗರಿಗಳು ಹುಂಜಕ್ಕೆ ಮಾತ್ರ ಬರುತ್ತವೆ. ಹೇಂಟೆಯಲ್ಲಿ ಆ ಜಾಗದ ಗರಿಗಳು ಅಗಲವಾಗಿ, ತುದಿ ದುಂಡಗಿರುತ್ತವೆ. ಕೋಳಿಯನ್ನು ಕಂಕುಳಲ್ಲಿ ಹಿಡಿದು ಬೆನ್ನಿನ ಗರಿಯನ್ನು ಬೆರಳ ಮೇಲೆ ಹರಡಿ ಬೆಳಕಿಗೆ ನೋಡಿ. ಒಂದು ಚೂಪುಗರಿ ಕಂಡರೂ ಅದು ಹುಂಜವೇ. ಅಪ್ಪಟ ಬಿಳಿ, ಕಪ್ಪು ಕೋಳಿಗಳಲ್ಲೂ, ಜುಟ್ಟು ಗಿಡ್ಡವಿರುವ ತಳಿಗಳಲ್ಲೂ ಇದು ಕೈಕೊಡುವುದಿಲ್ಲ. ಬಾಲದ ಕುಡುಗೋಲಿನಂತಹ ಬಾಗುಗರಿ, ಕಾಲಿನ ಮುಳ್ಳು ಇವು ಆಮೇಲೆ ಬರುವಂಥವು. ಅಷ್ಟು ಹೊತ್ತಿಗೆ ಸಂಶಯ ಉಳಿದಿರುವುದಿಲ್ಲ.

ಕೂಗುವುದನ್ನು ಕಾಯುತ್ತ ಕೂರಬಾರದು. ಕೆಲವು ಹುಂಜಗಳು ಎಂಟು ವಾರಕ್ಕೇ ಗೊಗ್ಗರು ದನಿಯಲ್ಲಿ ಕೂಗಲು ಯತ್ನಿಸಿದರೆ, ಬಲವಾದ ಇನ್ನೊಂದು ಹುಂಜದ ಕೆಳಗಿರುವ ಹುಂಜಗಳು ನಾಲ್ಕು ತಿಂಗಳಾದರೂ ಬಾಯಿ ಬಿಡದಿರಬಹುದು. ಜಗಳವೂ ಗುರುತಲ್ಲ, ಹೇಂಟೆಗಳೂ ಮೇಲುಕೀಳು ನಿಶ್ಚಯವಾಗುವವರೆಗೆ ಎದೆಗೆ ಎದೆ ಕೊಟ್ಟು ಕಾದಾಡುತ್ತವೆ.

ಇಲ್ಲಿ ಒಂದು ಮಾತು ಹೇಳುವುದು ಸೂಕ್ತ. ‘ಹೇಂಟೆ ಕೂಗಿದರೆ ಮನೆಗೆ ಅಪಶಕುನ’ ಎಂದು ಹಳ್ಳಿಗಳಲ್ಲಿ ಅಂತಹ ಕೋಳಿಯನ್ನು ಕೂಡಲೇ ಕೊಯ್ಯುವುದುಂಟು. ಹೇಂಟೆಯಲ್ಲಿ ಎಡಗಡೆಯ ಅಂಡಾಶಯ ಮಾತ್ರ ಕೆಲಸ ಮಾಡುವಂಥದು. ವಯಸ್ಸಾದ ಹೇಂಟೆಯಲ್ಲಿ ರೋಗದಿಂದ ಅದು ಹಾಳಾದಾಗ ಹೆಣ್ಣಿನ ಚೋದನಿಕೆ ನಿಂತು, ಮುಂದಿನ ಗರಿ ಬದಲಾವಣೆಯಲ್ಲಿ ಹುಂಜದಂತಹ ಗರಿಗಳು ಬರುವುದು, ಕೂಗುವುದು ಅಪರೂಪಕ್ಕೆ ಕಂಡುಬರುತ್ತದೆ. ಇದು ಕಾಯಿಲೆ, ಶಕುನವಲ್ಲ. ಮೊಟ್ಟೆ ನಿಂತಿರುವುದರಿಂದ ಅದನ್ನು ತಂಡದಿಂದ ತೆಗೆಯುವುದು ಲೆಕ್ಕದ ದೃಷ್ಟಿಯಿಂದ ಸರಿಯೇ.

ಗುರುತಿಸುವುದಕ್ಕೆ ಪ್ರತ್ಯೇಕ ದಿನ ಬೇಕಿಲ್ಲ. ಕೊಕ್ಕರೆ ರೋಗದ ವಿರುದ್ಧ ಸುಮಾರು 8ನೇ ವಾರದಲ್ಲಿ ನೀಡುವ ಆರ್2ಬಿ ಲಸಿಕೆಯ ದಿನ ಪ್ರತಿಯೊಂದು ಕೋಳಿಯೂ ಕೈಗೆ ಬರುತ್ತದೆ. ಅಂದು ಜುಟ್ಟು, ಕಾಲು, ಹೆಗಲಿನ ಬಣ್ಣ ನೋಡಿ ಖಚಿತ ಹುಂಜಗಳ ಕಾಲಿಗೆ ಒಂದು ಬಣ್ಣದ ದಾರ, ಅನುಮಾನವಿರುವವಕ್ಕೆ ಇನ್ನೊಂದು ಬಣ್ಣದ ದಾರ ಕಟ್ಟಿ. ಅನುಮಾನದವನ್ನು ಮಾತ್ರ 12ನೇ ವಾರದಲ್ಲಿ ಗರಿಯ ತುದಿ ನೋಡಿ ತೀರ್ಮಾನಿಸಿ. ಲಸಿಕೆಗಾರರ ಜೊತೆ ಹೋಗುವ ವಿಸ್ತರಣಾ ಕಾರ್ಯಕರ್ತರು ಎರಡು ಬಣ್ಣದ ದಾರದ ಉಂಡೆಗಳನ್ನು ಚೀಲದಲ್ಲಿ ಇಟ್ಟುಕೊಂಡರೆ ಆ ಒಂದೇ ಭೇಟಿಯಲ್ಲಿ ಎರಡು ಕೆಲಸ ಆಗುತ್ತದೆ.

ಬೇರ್ಪಡಿಸಿದ ನಂತರ

ಮರಿ ಮಾಡಿಸಲು ಮೂರು ಹುಂಜ ಬೇಕಿದ್ದಲ್ಲಿ ಐದನ್ನು ಆರಿಸಿಟ್ಟು, ಬೆಳೆದ ಮೇಲೆ ಎರಡನ್ನು ತೆಗೆಯಿರಿ. ಒಂದೇ ತಾಯಿಯ ಮಕ್ಕಳನ್ನು ಪರಸ್ಪರ ಕೂಡಿಸುತ್ತ ಹೋದರೆ ಮರಿಯಾಗುವ ಪ್ರಮಾಣ ಕುಗ್ಗುತ್ತದೆ. ಪಕ್ಕದೂರಿನವರೊಡನೆ ಹುಂಜವನ್ನು ವಿನಿಮಯ ಮಾಡಿಕೊಳ್ಳುವುದು ಖರ್ಚಿಲ್ಲದ ಉಪಾಯ. ಉಳಿದ ಹುಂಜಗಳಿಗೆ ಬೇರೆ ಗೂಡು ಇರಲಿ. ಹೇಂಟೆಗಳು ಮೊಟ್ಟೆಗೆ ಬಂದಾಗ ಕೊಡುವ ಲೇಯರ್ ಆಹಾರದಲ್ಲಿ ಚಿಪ್ಪಿಗಾಗಿ ನೂರಕ್ಕೆ ಮೂರೂವರೆಯಿಂದ ನಾಲ್ಕರಷ್ಟು ಸುಣ್ಣಾಂಶ ಇರುತ್ತದೆ. ಅದು ಹುಂಜಗಳಿಗೂ ಬೆಳೆಯುವ ಮರಿಗಳಿಗೂ ಬೇಡದ್ದು, ಮೂತ್ರಪಿಂಡಕ್ಕೆ ಹಾನಿಕರ. ಬೇರ್ಪಡಿಸದೆ ಸಾಕುವವರು ಸಾಮಾನ್ಯ ಆಹಾರ ಹಾಕಿ, ಕಪ್ಪೆಚಿಪ್ಪಿನ ಚೂರನ್ನು ಪ್ರತ್ಯೇಕ ತಟ್ಟೆಯಲ್ಲಿಡಬೇಕು. ಬೇಕಾದ ಹೇಂಟೆಗಳು ತಾವೇ ತಿನ್ನುತ್ತವೆ.

ಮಾರಾಟದ ಕಾಲವನ್ನು ಮರಿ ತರುವಾಗಲೇ ಯೋಚಿಸಬೇಕು. ನಮ್ಮ ಭಾಗದಲ್ಲಿ ಯುಗಾದಿಯ ಮರುದಿನದ ಹೊಸತೊಡಕಿಗೆ ಮತ್ತು ಊರ ಮಾರಿಹಬ್ಬಗಳಿಗೆ ನಾಟಿ ಹುಂಜದ ಬೇಡಿಕೆ ಏರುತ್ತದೆ, ಶ್ರಾವಣದಲ್ಲಿ ಇಳಿಯುತ್ತದೆ. ಅಕ್ಟೋಬರ್ ಕೊನೆ ಅಥವಾ ನವೆಂಬರ್ ಮೊದಲ ವಾರದಲ್ಲಿ ಒಡೆದ ಮರಿಗಳ ಹುಂಜಗಳು ಯುಗಾದಿಯ ಹೊತ್ತಿಗೆ 20 ವಾರ ದಾಟಿರುತ್ತವೆ. ಫೆಬ್ರವರಿ–ಮಾರ್ಚಿಯಲ್ಲಿ ಒಡೆದವು ಮಾರಾಟಕ್ಕೆ ಬರುವುದು ಬೇಡಿಕೆ ಕುಗ್ಗುವ ಕಾಲದಲ್ಲಿ.

ಮರಿ ಕೊಳ್ಳುವಾಗ

ಮೊಪೆಡ್ಡಿನಲ್ಲಿ ಬುಟ್ಟಿ ಕಟ್ಟಿಕೊಂಡು, ಇಲ್ಲವೇ ಗೂಡ್ಸ್ ಆಟೋದಲ್ಲಿ ಗುಲಾಬಿ, ಹಸಿರು, ಕಿತ್ತಳೆ ಬಣ್ಣ ಬಳಿದ ಮರಿಗಳನ್ನು ಅಗ್ಗವಾಗಿ ಮಾರುವವರು ಎಲ್ಲ ಊರಿಗೂ ಬರುತ್ತಾರೆ. ಇವು ಬಹುತೇಕ ಮೊಟ್ಟೆ ತಳಿಯ ಗಂಡುಮರಿಗಳು. ಹ್ಯಾಚರಿಯಲ್ಲಿ ಹೆಣ್ಣುಮರಿಗಳನ್ನು ತೆಗೆದುಕೊಂಡ ಮೇಲೆ ಉಳಿದವು. ಹೆಣ್ಣುಮರಿಗಳಿಗೆ ಮೊದಲ ದಿನವೇ ಹಾಕುವ ಲಸಿಕೆಯನ್ನು ಸಾಮಾನ್ಯವಾಗಿ ಇವಕ್ಕೆ ಹಾಕಿರುವುದಿಲ್ಲ. ಬಣ್ಣ ಕೆಲವೇ ವಾರಗಳಲ್ಲಿ ತುಪ್ಪಳದೊಡನೆ ಉದುರಿ ಬಿಳಿ ಗರಿ ಬರುತ್ತದೆ. ಬ್ರಾಯ್ಲರ್ ಕೋಳಿ ಆರು ವಾರಕ್ಕೆ ಎರಡು ಕಿಲೊ ತೂಗಿದರೆ ಇವು ಅದರ ಮೂರನೇ ಒಂದು ಭಾಗವೂ ತೂಗುವುದಿಲ್ಲ. ಮಕ್ಕಳ ಆಟಕ್ಕೆಂದು ಇವನ್ನು ಕೊಳ್ಳುವುದು ಮರಿಗೂ ಹಿಂಸೆ, ಹಿತ್ತಲಿನ ಉಳಿದ ಕೋಳಿಗಳಿಗೂ ರೋಗದ ಭಯ. ಗಂಡುಮರಿಗಳೆಂದು ತಿಳಿದೇ, ಮೇಯಿಸಿ ಮಾಂಸಕ್ಕೆ ಮಾರುವ ಲೆಕ್ಕ ಹಾಕಿ ಕೊಳ್ಳುವವರ ಮಾತು ಬೇರೆ. ಇವನ್ನೇ ‘ಗಿರಿರಾಜ’ ಎಂದೋ ‘ಬರೀ ಹೇಂಟೆ’ ಎಂದೋ ನಂಬಿ ಹೆಚ್ಚಿನ ಬೆಲೆ ತೆರುವುದು ಸಲ್ಲದು. ವಿಂಗಡಿಸದೆ ಕೊಡುವ ತಳಿಯಲ್ಲಿ ‘ಎಲ್ಲವೂ ಹೇಂಟೆ’ ಎಂದು ಹೇಳುವವರಿದ್ದರೆ ಅಷ್ಟರಿಂದಲೇ ಸಂಶಯ ಹುಟ್ಟಬೇಕು.

ಹೇಂಟೆಗಳೇ ಬೇಕಾದವರಿಗೆ ನನ್ನ ಸಲಹೆ: ಒಂದು ದಿನದ ಮರಿಗೆ ಬದಲಾಗಿ 8–10 ವಾರ ಸಾಕಿ, ಲಸಿಕೆ ಹಾಕಿದ ಮರಿಗಳನ್ನು, ಮೇಲೆ ಹೇಳಿದ ಲಕ್ಷಣಗಳನ್ನು ನಿಮ್ಮ ಕೈಯಿಂದಲೇ ನೋಡಿ ಕೊಂಡುಕೊಳ್ಳಿ. ಬೆಲೆ ಹೆಚ್ಚಾದರೂ ಸಾವಿನ ಪ್ರಮಾಣ ಮತ್ತು ಬೇಡದ ಹುಂಜಗಳ ಆಹಾರ ಎರಡೂ ಉಳಿಯುತ್ತವೆ. ಮೊಟ್ಟೆಗೆ ಬಂದಿದೆಯೆಂದು ಹೇಳಿ ಮಾರುವ ಹೇಂಟೆಯಾದರೆ ಗುದದ್ವಾರದ ಎರಡೂ ಬದಿಯ ಮೂಳೆಗಳ ತುದಿಗಳ ನಡುವೆ ಬೆರಳಿಟ್ಟು ನೋಡಿ. ಎರಡು ಬೆರಳು ಹಿಡಿಸಿದರೆ ಮೊಟ್ಟೆ ಇಡುತ್ತಿದೆ, ಒಂದೇ ಬೆರಳು ಹಿಡಿಸಿದರೆ ಇನ್ನೂ ಕಾಲವಿದೆ.

ರಸೀದಿಯಲ್ಲಿ ತಳಿಯ ಹೆಸರು, ಮರಿಗಳ ವಯಸ್ಸು, ‘ವಿಂಗಡಿಸಿದ’ ಅಥವಾ ‘ವಿಂಗಡಿಸದ’ ಎಂಬ ಮಾತು, ಹಾಕಿರುವ ಲಸಿಕೆ ಇವಿಷ್ಟನ್ನು ಬರೆಸಿಕೊಳ್ಳಿ. ಸಂಘದ ಮೂಲಕ ನೂರಾರು ಮರಿ ತರಿಸುವಾಗ ಇದು ಕಡ್ಡಾಯವಾಗಿರಲಿ. ಜೀವನೋಪಾಯಕ್ಕಾಗಿ ತಾವೇ ಸಾಕುವ ರೈತರು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಅರ್ಥದಲ್ಲಿ ಗ್ರಾಹಕರೇ ಆಗುತ್ತಾರೆ. ಆದರೆ ರಸೀದಿಯಿಲ್ಲದ ದೂರು ನಿಲ್ಲುವುದು ಕಷ್ಟ. ತಳಿ ಆಯ್ಕೆ ಮತ್ತು ಲಸಿಕೆಯ ಬಗ್ಗೆ ಹಾಸನದ ಪಶುವೈದ್ಯಕೀಯ ಕಾಲೇಜು, ಕಂದಲಿಯ ಕೃಷಿ ವಿಜ್ಞಾನ ಕೇಂದ್ರ ಅಥವಾ ಸಮೀಪದ ಪಶು ಆಸ್ಪತ್ರೆಯಲ್ಲಿ ವಿಚಾರಿಸಬಹುದು.

ಇತರ ಪಕ್ಷಿಗಳು

ಬಾತುಕೋಳಿಯಲ್ಲಿ ಎರಡು ತಿಂಗಳ ಹೊತ್ತಿಗೆ ದನಿಯೇ ಸಾಕು: ಜೋರಾಗಿ ‘ಕ್ವಾಕ್’ ಎನ್ನುವುದು ಹೆಣ್ಣು, ಗಂಟಲು ಕಟ್ಟಿದಂತೆ ಮೆಲ್ಲಗೆ ಕರೆಯುವುದು ಗಂಡು, ಬೆಳೆದ ಗಂಡಿಗೆ ಬಾಲದ ಮೇಲೆ ಮೇಲ್ಮುಖವಾಗಿ ಸುರುಳಿಯಾದ ಗರಿ ಇರುತ್ತದೆ. ಜಪಾನಿ ಕ್ವೇಲ್ ಹಕ್ಕಿಯಲ್ಲಿ ಮೂರು ವಾರಕ್ಕೇ ಎದೆ ನೋಡಿ ಹೇಳಬಹುದು: ಒಂದೇ ಸಮನಾದ ಇಟ್ಟಿಗೆ ಬಣ್ಣವಿದ್ದರೆ ಗಂಡು, ಮಾಸಲು ಎದೆಯ ಮೇಲೆ ಕಪ್ಪು ಚುಕ್ಕಿಗಳಿದ್ದರೆ ಹೆಣ್ಣು, ಬಿಳಿ ಕ್ವೇಲ್‌ಗಳಿಗೆ ಇದು ಅನ್ವಯಿಸದು. ಗಿನಿಕೋಳಿಯಲ್ಲಿ ಗಂಡು–ಹೆಣ್ಣು ಎರಡೂ ಒಂದೇ ರೀತಿ ಕಾಣುತ್ತವೆ. ಎರಡು ಸ್ವರದ ಕರೆಯನ್ನು ಹೆಣ್ಣು ಮಾತ್ರ ಕೂಗುತ್ತದೆ. ಗಾಬರಿಯಾದಾಗ ಹೆಣ್ಣೂ ಗಂಡಿನಂತೆ ಒಂದೇ ಸ್ವರದಲ್ಲಿ ಕೂಗುವುದರಿಂದ, ಬೆಳಗ್ಗೆ ಗೂಡು ತೆರೆದು ಹಕ್ಕಿಗಳು ಶಾಂತವಾಗಿ ಮೇಯುತ್ತಿರುವ ಹೊತ್ತಿನಲ್ಲಿ ಆಲಿಸಿ ಗುರುತು ಹಾಕಬೇಕು.